ಸೀಸದ ಗುಂಡನ್ನು ನಳಿಗೆಯಲ್ಲಿ ಕೂರಿಸುವ ಕ್ರಮ

ನಮ್ಮ ಓದುಗರಲ್ಲಿ ಅನೇಕರಿಗೆ ಕೋವಿ ಹೊಸ ವಸ್ತುವೇನಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಇಟ್ಟುಕೊಂಡ ಕೇಪಿನ ಕೋವಿಯೋ, ಒಂಟಿ ನಳಿಗೆಯ ತೋಟಾ ಕೋವಿಯೋ ಮಲೆನಾಡಿನ ಎಷ್ಟೋ ಮನೆಗಳಲ್ಲಿದೆ. ಕೊಡಗಿನಲ್ಲಂತೂ ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಸಲ್ಲಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಂದಿಗೂ ನಡೆಯುತ್ತದೆ. ಇಂಥ ಪಂದ್ಯಗಳಲ್ಲಿ ಒಂದು ಮಾತು ಆಗಾಗ ಕೇಳಿಬರುವುದುಂಟು: "ಕೈ ಅಲುಗಲಿಲ್ಲ, ಕಣ್ಣು ತಪ್ಪಲಿಲ್ಲ, ಆದರೂ ಈಡು ಪಕ್ಕಕ್ಕೆ ಹೋಯಿತಲ್ಲ!" ಸೋತವನು ತನ್ನ ಸಮಾಧಾನಕ್ಕೆ ಹೇಳಿಕೊಳ್ಳುವ ಮಾತು ಎಂದು ಉಳಿದವರು ನಗುತ್ತಾರೆ. ಆದರೆ ಆ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಕುದುರೆ ಎಳೆಯುವುದಕ್ಕೆ ಮೊದಲೇ, ಗುಂಡು ನಳಿಗೆಯೊಳಗೆ ಕುಳಿತ ರೀತಿಯಿಂದಲೇ ಈಡಿನ ಗತಿ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಈ ಸಂಗತಿಯನ್ನು ಚೆನ್ನಾಗಿ ಅರಿತು ಅದರ ಮೇಲೆಯೇ ಒಂದು ಆಟವನ್ನು ಕಟ್ಟಿಕೊಂಡವರು ಅಮೆರಿಕದ ಒಂಟಿ ಈಡಿನ ಗುರಿ ರೈಫಲಿನವರು. ಅವರು ಗುಂಡು ಮತ್ತು ಮದ್ದನ್ನು ಒಂದೇ ತೋಟಾದಲ್ಲಿ ಸೇರಿಸಿಡುವುದಿಲ್ಲ. ಎರಕ ಹೊಯ್ದ ಸೀಸದ ಗುಂಡನ್ನು ಮೊದಲು ನಳಿಗೆಯ ಹಿಂಬಾಯಿಯಿಂದ ಕೈಯಾರೆ ಒತ್ತಿ ಕೂರಿಸುತ್ತಾರೆ. ಆಮೇಲೆ ಮದ್ದು ತುಂಬಿದ ಹಿತ್ತಾಳೆ ಕೊಳವೆಯನ್ನು ಅದರ ಹಿಂದೆ ಇಡುತ್ತಾರೆ. ಈ ಕ್ರಮ ಯಾವುದು, ಇದರಿಂದ ಏನು ಲಾಭ, ಇದರಲ್ಲಿರುವ ಅಪಾಯಗಳೇನು, ನಮಗೆ ಇದರಿಂದ ತಿಳಿಯಬೇಕಾದದ್ದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆಟದ ಹಿನ್ನೆಲೆ

19ನೆಯ ಶತಮಾನದಲ್ಲಿ ಜರ್ಮನಿ ಮತ್ತು ಸ್ವಿಟ್ಸರ್ಲೆಂಡ್ ದೇಶಗಳಿಂದ ಅಮೆರಿಕಕ್ಕೆ ವಲಸೆ ಹೋದವರು ತಮ್ಮ ಊರಿನ ಗುರಿ ಸಂಘಗಳ ಪದ್ಧತಿಯನ್ನೂ ಜೊತೆಗೆ ಕೊಂಡೊಯ್ದರು. ಈ ಆಟಕ್ಕೆ 'ಶೂಟ್ಸೆನ್' ಎಂದು ಹೆಸರು; ಜರ್ಮನ್ ಭಾಷೆಯಲ್ಲಿ ಗುರಿಕಾರರು ಎಂದು ಇದರ ಅರ್ಥ. ರೈಫಲನ್ನು ಯಾವುದಕ್ಕೂ ಆನಿಸದೆ, ನಿಂತುಕೊಂಡೇ 200 ಗಜ, ಎಂದರೆ ಸುಮಾರು 183 ಮೀಟರ್ ದೂರದ ಗುರಿಗೆ ಹೊಡೆಯುವುದು ಇದರ ಮುಖ್ಯ ಪಂದ್ಯ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಸಾಲಿನ ತಲೆಯಲ್ಲಿ ನಿಂತರೆ ಅರವತ್ತಾರು ಮರಗಳಾಚೆಗಿನ ದೂರ ಇದು. ಗುರಿಯ ಹಲಗೆಯಲ್ಲಿ ಒಂದರ ಹೊರಗೊಂದು ವೃತ್ತಗಳಿದ್ದು, ನಡುವಿನ ವೃತ್ತಕ್ಕೆ 25 ಅಂಕ. ಅದರ ಅಡ್ಡಳತೆ ಒಂದೂವರೆ ಅಂಗುಲ, ಹೆಚ್ಚುಕಡಿಮೆ ಒಂದು ದಪ್ಪ ಹಣ್ಣಡಿಕೆಯ ಅಗಲ. ಅಲ್ಲಿಂದ ಮುಕ್ಕಾಲು ಅಂಗುಲ ಹೊರಗೆ ಸರಿದಂತೆಲ್ಲ ಒಂದೊಂದು ಅಂಕ ಕಡಿಮೆ. ಹತ್ತು ಈಡುಗಳಿಗೆ ಪೂರ್ಣಾಂಕ 250.

ಈ ಪಂದ್ಯಗಳಿಗೆ ಬಳಸುತ್ತಿದ್ದದ್ದು ಬಲ್ಲಾರ್ಡ್, ಸ್ಟೀವನ್ಸ್, ವಿಂಚೆಸ್ಟರ್ ಮುಂತಾದ ಒಂಟಿ ಈಡಿನ ರೈಫಲುಗಳನ್ನು. ಜಾನ್ ಬ್ರೌನಿಂಗ್ ಎಂಬಾತ ರೂಪಿಸಿದ ವಿಂಚೆಸ್ಟರ್ 1885ನೆಯ ಮಾದರಿ ಇವುಗಳಲ್ಲಿ ಹೆಸರಾದದ್ದು. ಕೆಳಗಿನ ಹಿಡಿಯನ್ನು ತಗ್ಗಿಸಿದರೆ ಹಿಂಬಾಯಿಯನ್ನು ಮುಚ್ಚುವ ಉಕ್ಕಿನ ದಿಮ್ಮಿ ಕೆಳಗಿಳಿದು ನಳಿಗೆ ತೆರೆದುಕೊಳ್ಳುತ್ತದೆ. ಹಿಡಿಯನ್ನು ಮೇಲೆತ್ತಿದರೆ ಭದ್ರವಾಗಿ ಮುಚ್ಚಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಈಡು. ಅವಸರಕ್ಕೆ ಇಲ್ಲಿ ಎಡೆಯಿಲ್ಲ. 1884ರಲ್ಲಿ ಬಂದ 32-40 ಎಂಬ ಅಳತೆ ಈ ಗುರಿಕಾರರಿಗೆ ಬಹಳ ಪ್ರಿಯವಾಗಿತ್ತು. ಸ್ಥೂಲವಾಗಿ 0.32 ಅಂಗುಲ ವ್ಯಾಸದ ಗುಂಡು, 40 ಗ್ರೇನ್ ಕರಿಮದ್ದು ಎಂದು ಆ ಹೆಸರಿನ ಅರ್ಥ.

1917ರಲ್ಲಿ ಅಮೆರಿಕವು ಜರ್ಮನಿಯ ವಿರುದ್ಧ ಯುದ್ಧಕ್ಕಿಳಿದಾಗ ಜರ್ಮನ್ ಹೆಸರಿನ ಸಂಘಗಳ ಮೇಲೆ ಜನರ ಅಸಮಾಧಾನ ಬೆಳೆದು ಈ ಆಟ ಬಹುಪಾಲು ಕುಗ್ಗಿಹೋಯಿತು. 1948ರಲ್ಲಿ ಅಮೆರಿಕನ್ ಸಿಂಗಲ್ ಶಾಟ್ ರೈಫಲ್ ಅಸೋಸಿಯೇಷನ್ ಎಂಬ ಸಂಸ್ಥೆ ಹುಟ್ಟಿ ಹಳೆಯ ರೈಫಲುಗಳನ್ನೂ ಹಳೆಯ ಕ್ರಮಗಳನ್ನೂ ಮತ್ತೆ ಬಳಕೆಗೆ ತಂದಿತು. ಗುಂಡನ್ನು ಕೈಯಾರೆ ಕೂರಿಸುವ ಕ್ರಮ ಇಂದಿಗೂ ಅಲ್ಲಿನ ಪಂದ್ಯಗಳಲ್ಲಿ ಜೀವಂತವಾಗಿದೆ.

ನಳಿಗೆಯೊಳಗಿನ ಸುರುಳಿ

ನಮ್ಮ ಕೇಪಿನ ಕೋವಿಯ ನಳಿಗೆ ಒಳಗೆ ನುಣುಪಾಗಿರುತ್ತದೆ. ರೈಫಲಿನ ನಳಿಗೆಯೊಳಗಾದರೋ ಉದ್ದಕ್ಕೂ ಸುರುಳಿಯಾಗಿ ಸಾಗುವ ಗೀರುಗಳಿರುತ್ತವೆ. ಮೃದುವಾದ ಸೀಸದ ಗುಂಡು ಈ ಗೀರುಗಳಿಗೆ ಕಚ್ಚಿಕೊಂಡು ಮುಂದೆ ಸಾಗುವಾಗ ತಾನೂ ಸುತ್ತಲೇಬೇಕಾಗುತ್ತದೆ. ಬುಗುರಿ ಸುತ್ತುತ್ತಿರುವಷ್ಟು ಕಾಲ ನೆಟ್ಟಗೆ ನಿಲ್ಲುವಂತೆ, ಸುತ್ತುವ ಗುಂಡು ಗಾಳಿಯಲ್ಲಿ ಮಗುಚದೆ ತುದಿ ಮುಂದಾಗಿ ಹೋಗುತ್ತದೆ.

ಈ ಸುತ್ತಿನ ವೇಗ ಎಷ್ಟೆಂದು ಲೆಕ್ಕ ಹಾಕಬಹುದು. 16 ಅಂಗುಲಕ್ಕೆ ಒಂದು ಸುತ್ತು ಬರುವ ನಳಿಗೆಯಿಂದ ಗುಂಡು ಸೆಕೆಂಡಿಗೆ 1400 ಅಡಿ ವೇಗದಲ್ಲಿ ಹೊರಟರೆ ಅದು ಸೆಕೆಂಡಿಗೆ 1050 ಸುತ್ತು ಸುತ್ತುತ್ತಿರುತ್ತದೆ. ಗೀರುಗಳ ಆಳವಾದರೋ ಬಹಳ ಕಡಿಮೆ. 32ರ ನಳಿಗೆಯಲ್ಲಿ ಅಂಗುಲದ ಸಾವಿರದಲ್ಲಿ ಮೂರು ನಾಲ್ಕು ಭಾಗ ಮಾತ್ರ. ಇಷ್ಟು ತೆಳುವಾದ ಹಿಡಿತದ ಮೇಲೆ ಇಷ್ಟು ರಭಸದ ಸುತ್ತು ನಿಂತಿದೆ. ಆದುದರಿಂದ ಗುಂಡು ಗೀರಿನೊಳಗೆ ಮೊದಲ ಹೆಜ್ಜೆ ಇಡುವಾಗ ನೆಟ್ಟಗಿರುವುದು ಅತ್ಯಗತ್ಯ.

ಸಾವಿರದಲ್ಲೊಂದು ಅಂಗುಲದ ಬೆಲೆ

ತೋಟ ಕಾಯುವಾಗ ಕವಣೆ ಬೀಸಿದವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ಕವಣೆಯಲ್ಲಿ ಸುತ್ತುತ್ತಿರುವ ಕಲ್ಲು ಬಿಟ್ಟ ಕ್ಷಣದಲ್ಲಿ ಯಾವ ಕಡೆಗೆ ಸಾಗುತ್ತಿತ್ತೋ ಆ ಕಡೆಗೇ ನೇರವಾಗಿ ಹಾರುತ್ತದೆ. ಗುಂಡು ನಳಿಗೆಯಲ್ಲಿ ಸ್ವಲ್ಪ ವಾಲಿ ಕುಳಿತರೆ, ಅಥವಾ ಅದರ ಒಂದು ಮಗ್ಗುಲು ಹೆಚ್ಚು ತೇಯ್ದುಹೋದರೆ, ಅದರ ತೂಕದ ನಡು ನಳಿಗೆಯ ನಡುವಿಗೆ ಸರಿಯಾಗಿ ಬರುವುದಿಲ್ಲ. ನಳಿಗೆಯೊಳಗೆ ಇರುವಷ್ಟು ಹೊತ್ತು ಉಕ್ಕಿನ ಗೋಡೆ ಅದನ್ನು ಹಿಡಿದಿಡುತ್ತದೆ. ತುದಿಬಾಯಿಯಿಂದ ಹೊರಬಿದ್ದೊಡನೆ ಆ ತೂಕದ ನಡು ಕವಣೆಯ ಕಲ್ಲಿನಂತೆ ಪಕ್ಕಕ್ಕೆ ಎಸೆಯಲ್ಪಡುತ್ತದೆ.

ಎಷ್ಟು ಪಕ್ಕಕ್ಕೆ? ತೂಕದ ನಡು ಅಂಗುಲದ ಸಾವಿರದಲ್ಲೊಂದು ಭಾಗ ಮಾತ್ರ ಸರಿದಿದೆಯೆಂದು ತಿಳಿಯೋಣ. ಇದು ತಲೆಗೂದಲಿನ ದಪ್ಪದ ಮೂರರಲ್ಲೊಂದು ಭಾಗದಷ್ಟು. ಆ ಪುಟ್ಟ ವೃತ್ತದ ಸುತ್ತಳತೆ ಸುಮಾರು 0.0063 ಅಂಗುಲ. ಸೆಕೆಂಡಿಗೆ 1050 ಸುತ್ತು ಎಂದರೆ ಪಕ್ಕದ ವೇಗ ಸೆಕೆಂಡಿಗೆ ಆರೂವರೆ ಅಂಗುಲ. ಗುಂಡು 200 ಗಜ ಮುಟ್ಟಲು ಸುಮಾರು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಅದು ಮೂರು ಅಂಗುಲಕ್ಕೂ ಮಿಕ್ಕಿ ಪಕ್ಕಕ್ಕೆ ಹೋಗಿರುತ್ತದೆ. ನಡುವಿಗೆ ಇಟ್ಟ ಗುರಿ 25ರ ಬದಲು 21 ಅಂಕಕ್ಕೆ ಇಳಿಯಿತು! ಗುರಿಕಾರನ ಕೈಯದಾಗಲಿ ಕಣ್ಣಿನದಾಗಲಿ ಇದರಲ್ಲಿ ಲೋಪವಿಲ್ಲ.

ಇನ್ನೊಂದು ಮುಖ್ಯ ಅಂಶವಿದೆ. ಪ್ರತಿಯೊಂದು ಗುಂಡೂ ಇದೇ ಕಡೆಗೆ, ಇಷ್ಟೇ ದೂರ ಸರಿಯುವುದಾದರೆ ಚಿಂತೆಯಿಲ್ಲ. ಗುರಿಕಣ್ಣನ್ನು ತಿರುಗಿಸಿ ಸರಿಪಡಿಸಿಕೊಳ್ಳಬಹುದು. ಒಂದು ಎಡಕ್ಕೆ, ಒಂದು ಮೇಲಕ್ಕೆ ಹೋದರೆ ಮಾತ್ರ ಸರಿಪಡಿಸಲು ಸಾಧ್ಯವಿಲ್ಲ. ಆದ್ದರಿಂದ ಈ ಗುರಿಕಾರರು ಬೆನ್ನು ಹತ್ತಿರುವುದು ಹೆಚ್ಚಿನ ಬಲವನ್ನಲ್ಲ, ಒಂದೇ ಸಮನಾದ ನಡತೆಯನ್ನು.

ಸಾಮಾನ್ಯ ತೋಟಾದಲ್ಲಿ ಆಗುವುದೇನು?

ಸಾಮಾನ್ಯ ತೋಟಾದಲ್ಲಿ ಗುಂಡನ್ನು ಹಿತ್ತಾಳೆ ಕೊಳವೆಯ ಕುತ್ತಿಗೆ ಹಿಡಿದಿರುತ್ತದೆ. ಈ ಕೊಳವೆ ನಳಿಗೆಯ ಗೂಡಿನಲ್ಲಿ ಸುಲಭವಾಗಿ ಕೂರಬೇಕಾದರೆ ಸುತ್ತಲೂ ಸ್ವಲ್ಪ ಸಡಿಲು ಇರಲೇಬೇಕು. ಕೊಳವೆ ಗೂಡಿನ ತಳಕ್ಕೆ ಒರಗಿ ಮಲಗಿದಾಗ ಗುಂಡಿನ ಮೂತಿಯೂ ಅಷ್ಟರಮಟ್ಟಿಗೆ ಕೆಳಗಾಗುತ್ತದೆ. ಕೇಪು ಸಿಡಿದು ಮದ್ದು ಹೊತ್ತಿಕೊಂಡೊಡನೆ ಗುಂಡು ಕುತ್ತಿಗೆಯಿಂದ ಕಿತ್ತುಕೊಂಡು, ನಡುವಿನ ಖಾಲಿ ಜಾಗವನ್ನು ದಾಟಿ, ಗೀರುಗಳಿಗೆ ಬಡಿಯುತ್ತದೆ. ಬಾಗಿಲಿಗೆ ನೇರವಾಗಿ ನಡೆದು ಬರುವುದಕ್ಕೂ ಹಿಂದಿನಿಂದ ತಳ್ಳಿಸಿಕೊಂಡು ಬರುವುದಕ್ಕೂ ಇರುವಷ್ಟು ವ್ಯತ್ಯಾಸ ಇಲ್ಲಿದೆ.

ತಾಮ್ರದ ಹೊದಿಕೆಯಿರುವ ಗಟ್ಟಿ ಗುಂಡು ಈ ಪೆಟ್ಟನ್ನು ತಾಳಿಕೊಳ್ಳಬಲ್ಲದು. ಹೊದಿಕೆಯಿಲ್ಲದ ಸೀಸದ ಗುಂಡು ಮೆತ್ತಗಿರುವುದರಿಂದ ಹಾಗಲ್ಲ. ಕುತ್ತಿಗೆ ಬಿಗಿಯಾದರೆ ಗುಂಡಿನ ಬುಡ ಹಿಂಡಿಹೋಗುತ್ತದೆ. ಸಡಿಲವಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕೊಚ್ಚುತ್ತದೆ. ಕೊಚ್ಚಿದ ಸೀಸ ನಳಿಗೆಗೆ ಅಂಟಿಕೊಂಡು ಮುಂದಿನ ಗುಂಡನ್ನೂ ಕೆಡಿಸುತ್ತದೆ.

ಕಾಫಿ ಸಸಿ ನೆಡುವಾಗ ತಾಯಿಬೇರು ಮಡಚಿಕೊಂಡರೆ ಏನಾಗುವುದೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಮೇಲೆ ಎಷ್ಟೇ ಗೊಬ್ಬರ ಕೊಟ್ಟರೂ ಗುಂಡಿಯೊಳಗೆ ಮೊದಲ ದಿನ ಆದ ಲೋಪ ಗಿಡದ ಜೊತೆಗೇ ಬೆಳೆಯುತ್ತದೆ. ಗುಂಡಿನ ವಿಷಯವೂ ಹಾಗೆಯೇ. ಮೊದಲ ಒಂದು ಅಂಗುಲದಲ್ಲಿ ಆದ ವಾಲು 200 ಗಜದವರೆಗೂ ಹಿಂಬಾಲಿಸುತ್ತದೆ.

ಕೂರಿಸುವ ವಿಧಾನ

ಇದಕ್ಕೆ ಬಳಸುವ ಗುಂಡು ಮಾಮೂಲಿ ಗುಂಡಿಗಿಂತ ಸ್ವಲ್ಪ ಭಿನ್ನ. ಅದು ತುದಿಯಿಂದ ಬುಡದ ಕಡೆಗೆ ಬಹಳ ಸೂಕ್ಷ್ಮವಾಗಿ ದಪ್ಪವಾಗುತ್ತ ಹೋಗುತ್ತದೆ. ಮುಂಭಾಗ ಗೀರುಗಳ ನಡುವಿನ ದಿಬ್ಬಗಳ ಮೇಲೆ ಸಲೀಸಾಗಿ ಜಾರಿ ಗುಂಡನ್ನು ನಡುವಿಗೆ ತರುತ್ತದೆ. ಬುಡದ ಪಟ್ಟಿ ಗೀರಿನ ಅಳತೆಗಿಂತ ಕೂದಲೆಳೆಯಷ್ಟು ದಪ್ಪವಿದ್ದು ಅನಿಲ ಮುಂದೆ ನುಸುಳದಂತೆ ಬಿರಡೆಯ ಕೆಲಸ ಮಾಡುತ್ತದೆ.

ಕೂರಿಸುವ ಸಲಕರಣೆ ಎರಡು ಬಗೆ. ಸರಳವಾದದ್ದು, ಒಳಗೆ ಮರದ ಅಥವಾ ಲೋಹದ ಬೆಣೆ ತುಂಬಿದ ಹಳೆಯ ಹಿತ್ತಾಳೆ ಕೊಳವೆ. ಗುಂಡನ್ನು ಗೂಡಿನ ಮುಂದೆ ಇಟ್ಟು, ಈ ಕೊಳವೆಯಿಂದ ಹಿಂದಿನಿಂದ ಒತ್ತಿದರೆ ಗುಂಡು ಗೀರಿನೊಳಗೆ ಸೇರುತ್ತದೆ. ಇನ್ನೊಂದು, ರೈಫಲಿಗೆ ಸಿಕ್ಕಿಸುವ ಸನ್ನೆ. ಇದರಲ್ಲಿ ಗುಂಡನ್ನು ಗೂಡಿನ ಅಳತೆಗೆ ಸರಿಯಾಗಿ ಕಡೆದ ತೋಳು ಹಿಡಿದಿರುತ್ತದೆ. ಹಿಡಿಯನ್ನು ಒತ್ತಿದಾಗ ನಡುವಿನ ಕಡ್ಡಿ ಗುಂಡಿನ ಬುಡವನ್ನು ಚಪ್ಪಟೆಯಾಗಿ ತಳ್ಳುತ್ತದೆ. ಎರಡರ ಉದ್ದೇಶವೂ ಒಂದೇ. ಗುಂಡು ನಳಿಗೆಗೆ ನೇರವಾಗಿ, ಪ್ರತಿಸಲವೂ ಅಷ್ಟೇ ಆಳಕ್ಕೆ, ಬುಡ ಕೆಡದಂತೆ ಹೋಗಿ ಕೂರಬೇಕು. ಸಾಮಾನ್ಯವಾಗಿ ಗುಂಡಿನ ಬುಡ ಮದ್ದಿನ ಕೊಳವೆಯ ಬಾಯಿಗಿಂತ ಅಂಗುಲದ ಹದಿನಾರರಲ್ಲೊಂದು ಭಾಗದಷ್ಟು ಮುಂದಿರುತ್ತದೆ. ಗುಂಡು ಹೀಗೆ ಗೀರುಗಳ ಗುರುತನ್ನು ಮೈಮೇಲೆ ಹೊತ್ತು ಕುಳಿತ ಮೇಲೆ ಮದ್ದು ಅದನ್ನು ಓರೆ ಮಾಡುವ ಸಂಭವ ಬಹಳ ಕಡಿಮೆ.

ಬಳಿಕ ಮದ್ದು ತುಂಬಿ, ಚೆಲ್ಲದಂತೆ ತೆಳುವಾದ ಬಿಲ್ಲೆಯನ್ನು ಬಾಯಿಗಿಟ್ಟ ಕೊಳವೆಯನ್ನು ಗೂಡಿಗೆ ಸೇರಿಸಿ ದಿಮ್ಮಿಯನ್ನು ಮುಚ್ಚುತ್ತಾರೆ. ಅನೇಕ ಗುರಿಕಾರರು ಇಡೀ ಪಂದ್ಯವನ್ನು ಒಂದೇ ಒಂದು ಕೊಳವೆಯಲ್ಲಿ ಮುಗಿಸುತ್ತಾರೆ! ಒಂದು ಈಡಾದೊಡನೆ ಹಳೆಯ ಕೇಪು ತೆಗೆದು, ಹೊಸದನ್ನು ಕೂರಿಸಿ, ಅಲ್ಲಿಯೇ ಮೇಜಿನ ಮೇಲೆ ಮದ್ದು ಅಳೆದು ತುಂಬುತ್ತಾರೆ. ಕೊಳವೆಯ ಅಂಚಿಗೆ ಒಂದು ಗುರುತು ಗೀಚಿ, ಅದು ಪ್ರತಿಸಲವೂ ಮೇಲ್ಮುಖವಾಗಿಯೇ ಇರುವಂತೆ ನೋಡಿಕೊಳ್ಳುತ್ತಾರೆ. ಹತ್ತು ಕೊಳವೆಗಳಿದ್ದರೆ ಹತ್ತು ಬಗೆಯ ಸಣ್ಣ ವ್ಯತ್ಯಾಸಗಳಿರಬಹುದು. ಒಂದೇ ಆದರೆ ಆ ಚಿಂತೆಯಿಲ್ಲ.

ಬುಡ ಮುಖ್ಯವೋ, ತುದಿ ಮುಖ್ಯವೋ?

ಗುಂಡಿನ ಮೂತಿ ಚೂಪಾಗಿ ನುಣುಪಾಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಇದನ್ನು ಪರೀಕ್ಷಿಸಿ ನೋಡಿದವರು ಮ್ಯಾಸಚೂಸೆಟ್ಸ್ ರಾಜ್ಯದ ವೈದ್ಯ ಡಾ. ಫ್ರಾಂಕ್ಲಿನ್ ಮಾನ್. ಅವರು ತಮ್ಮ ಜಮೀನಿನಲ್ಲಿಯೇ ಗುರಿ ಅಂಕಣ ಮಾಡಿ, ಅಲುಗದ ಕಾಂಕ್ರೀಟ್ ಕಂಬದ ಮೇಲೆ ನಳಿಗೆಯನ್ನು ಇಟ್ಟು, ದಾರಿಯುದ್ದಕ್ಕೂ ಕಾಗದದ ತೆರೆಗಳನ್ನು ನಿಲ್ಲಿಸಿ, ಗುಂಡು ಎಲ್ಲೆಲ್ಲಿ ಹೇಗೆ ತೂರಿತೆಂದು ವರ್ಷಗಟ್ಟಲೆ ದಾಖಲಿಸಿದರು. ಕೆಲವು ಗುಂಡುಗಳ ಮೂತಿಯನ್ನೂ, ಕೆಲವುಗಳ ಬುಡವನ್ನೂ ಬೇಕೆಂದೇ ಕೆಡಿಸಿ ಹೊಡೆದರು. ಮೂತಿ ಕೆಟ್ಟ ಗುಂಡು ಅಷ್ಟಾಗಿ ದಾರಿ ತಪ್ಪಲಿಲ್ಲ. ಬುಡದ ಅಂಚು ಕೆಟ್ಟದ್ದು ಬಹಳ ದೂರ ಸರಿಯಿತು. ಇವುಗಳನ್ನೆಲ್ಲ ಅವರು 1909ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಕಾರಣ ಸುಲಭವಾಗಿದೆ. ಗುಂಡು ನಳಿಗೆಯಿಂದ ಹೊರಬೀಳುವಾಗ ಕೊನೆಗೆ ಬಿಡುವುದು ಬುಡ. ಅದರ ಹಿಂದೆ ಒತ್ತಡದ ಅನಿಲ ಕಾದಿರುತ್ತದೆ. ಬುಡದ ಅಂಚು ಒಂದು ಕಡೆ ಮುಕ್ಕಾಗಿದ್ದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಪಕ್ಕಕ್ಕೆ ಓಲಿಸುತ್ತದೆ. ಆದ್ದರಿಂದಲೇ ಅನುಭವಸ್ಥರು ಎರಕದ ಗುಂಡನ್ನು ಕೈಗೆತ್ತಿಕೊಂಡರೆ ಮೊದಲು ತಿರುಗಿಸಿ ನೋಡುವುದು ಅದರ ಬುಡವನ್ನು.

ಪೋಪ್ ಅವರ ಕ್ರಮ

ಈ ವಿಷಯದಲ್ಲಿ ಹ್ಯಾರಿ ಪೋಪ್ ಎಂಬ ಕುಶಲಕರ್ಮಿಯನ್ನು ನೆನೆಯದಿರಲಾಗದು. 1861ರಲ್ಲಿ ಹುಟ್ಟಿ 1950ರವರೆಗೆ ಬಾಳಿದ ಇವರ ನಳಿಗೆಗಳು ಗುರಿಕಾರರಲ್ಲಿ ಮನೆಮಾತಾಗಿದ್ದವು. 1906ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಅಂಗಡಿ ತೆರೆದರು. ಅದೇ ವರ್ಷ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಗೆ ಅಂಗಡಿ ಆಹುತಿಯಾಯಿತು. ಬಳಿಕ ಜೆರ್ಸಿ ಸಿಟಿಯಲ್ಲಿ ನೆಲೆಸಿ ಇಳಿವಯಸ್ಸಿನವರೆಗೂ ದುಡಿದರು.

ಪೋಪ್ ಅವರು ಗುಂಡನ್ನು ಹಿಂಬಾಯಿಯಿಂದ ಕೂರಿಸುವ ಬದಲು ತುದಿಬಾಯಿಯಿಂದ ಇಳಿಸುವ ಕ್ರಮವನ್ನು ಮೆಚ್ಚಿದ್ದರು. ಮದ್ದಿನ ಕೊಳವೆ ಮಾತ್ರ ಹಿಂದಿನಿಂದ. ಕರಿಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಿಟ್ಟವಾಗಿ ಉಳಿಯುತ್ತದೆ. ಗುಂಡನ್ನು ತುದಿಯಿಂದ ಗಜಕಡ್ಡಿಯಲ್ಲಿ ಇಳಿಸಿದರೆ ಅದು ಹಿಂದಿನ ಈಡಿನ ಕಿಟ್ಟವನ್ನು ಸವರಿಕೊಂಡೇ ಬರುವುದರಿಂದ ನಳಿಗೆ ಪ್ರತಿ ಈಡಿಗೂ ಒಂದೇ ಸ್ಥಿತಿಯಲ್ಲಿರುತ್ತದೆ. ಗುಂಡಿನ ಬುಡದಲ್ಲಿ ಎದ್ದಿರಬಹುದಾದ ಸೀಸದ ಎಳೆಯೂ ಮುಂದಕ್ಕೆ ಒತ್ತಲ್ಪಟ್ಟು, ಬುಡ ನುಣುಪಾಗಿ ಉಳಿಯುತ್ತದೆ. ತುದಿಬಾಯಿ ಸವೆಯದಂತೆ, ನಳಿಗೆಯಿಂದಲೇ ಕತ್ತರಿಸಿದ ಒಂದು ತುಂಡನ್ನು ತುದಿಗೆ ಸಿಕ್ಕಿಸಿ ಅದರ ಮೂಲಕ ಗುಂಡನ್ನು ಇಳಿಸುತ್ತಿದ್ದರು. ಈ ತುಂಡನ್ನು ಮರೆತು ಹೊಡೆದರೆ ಅನಾಹುತ. ಅದಕ್ಕೆಂದೇ ಅದರ ಮೇಲೆ ಗುರಿಕಣ್ಣಿಗೆ ಅಡ್ಡ ಬರುವಂತೆ ಒಂದು ಮೊಳೆ ನಿಲ್ಲಿಸಿರುತ್ತಿದ್ದರು. ತುಂಡು ತೆಗೆಯದೆ ಗುರಿ ಇಡಲು ಸಾಧ್ಯವೇ ಇಲ್ಲ. ಮರೆವಿಗೆ ಮದ್ದು ಹೇಗಿರಬೇಕೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

1901ರಲ್ಲಿ ಕೊಲರಾಡೊ ರಾಜ್ಯದ ಸಿ. ಡಬ್ಲ್ಯೂ. ರೋಲ್ಯಾಂಡ್ ಅವರು ಪೋಪ್ ನಳಿಗೆಯನ್ನು ಆಸರೆಯ ಮೇಲಿಟ್ಟು 200 ಗಜಕ್ಕೆ ಹತ್ತು ಈಡು ಹೊಡೆದಾಗ, ತೀರ ದೂರದ ಎರಡು ತೂತುಗಳ ನಡುಗಳ ಅಂತರ 0.725 ಅಂಗುಲ ಮಾತ್ರ. ಒಂದು ಕಾಫಿ ಹಣ್ಣಿನ ಉದ್ದಕ್ಕಿಂತ ಅಷ್ಟೇನೂ ಹೆಚ್ಚಲ್ಲ. ಕರಗಿಸಿ ಹೊಯ್ದ ಸೀಸದ ಗುಂಡಿನಿಂದ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದು ಸಾಧ್ಯವಾಯಿತು.

ಎರಕದ ಮಾತು

ಶುದ್ಧ ಸೀಸ ತೀರ ಮೆತ್ತಗೆ. ಅಚ್ಚಿನ ಮೂಲೆಗಳನ್ನೂ ಸರಿಯಾಗಿ ತುಂಬುವುದಿಲ್ಲ. ಆದ್ದರಿಂದ 20ರಿಂದ 30 ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸುವುದು ಹಳೆಯ ರೂಢಿ. ಆಂಟಿಮನಿ ಸೇರಿದರೆ ಲೋಹ ಗಟ್ಟಿಯಾಗುತ್ತದೆ. ಹಿಂದೆ ಮುದ್ರಣಾಲಯಗಳಲ್ಲಿದ್ದ ಅಚ್ಚುಮೊಳೆಗಳು ಸೀಸ, ಆಂಟಿಮನಿ, ತವರಗಳ ಮಿಶ್ರಣವೇ. ಎರಕವಾದ ಮೇಲೆ ಗುಂಡುಗಳನ್ನು ಒಂದೊಂದಾಗಿ ತೂಗುತ್ತಾರೆ. ಒಳಗೆ ಗಾಳಿಗುಳ್ಳೆ ಉಳಿದಿದ್ದರೆ ತೂಕ ಕಡಿಮೆ ಬರುತ್ತದೆ. ಅಂಥದ್ದು ಮತ್ತೆ ಕರಗುವ ಬಾಣಲೆಗೆ ಸೇರುತ್ತದೆ. ಗುಂಡಿನ ಮೈಯ ಕಚ್ಚುಗಳಿಗೆ ಜೇನುಮೇಣ, ಕುರಿಕೊಬ್ಬು ಮುಂತಾದವುಗಳ ಜಿಡ್ಡು ತುಂಬುತ್ತಾರೆ. ಇದು ನಳಿಗೆಗೆ ಸೀಸ ಅಂಟದಂತೆ ತಡೆಯುತ್ತದೆ, ಕಿಟ್ಟವನ್ನೂ ಮೆತ್ತಗಿಡುತ್ತದೆ.

ಸೀಸ ಕರಗುವುದು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡಿಗಾಗಲಿ, ಬೇರೆ ಯಾವ ಕೆಲಸಕ್ಕಾಗಲಿ ಸೀಸ ಕರಗಿಸುವವರು ಈ ಕೆಳಗಿನ ಮಾತುಗಳನ್ನು ಗಮನಿಸತಕ್ಕದ್ದು:

1. ಕರಗಿದ ಸೀಸಕ್ಕೆ ಒಂದು ಹನಿ ನೀರು ತಾಗಿದರೂ ಅದು ಕ್ಷಣದಲ್ಲಿ ಆವಿಯಾಗಿ ಸೀಸವನ್ನು ಮುಖಕ್ಕೆ ಎರಚುತ್ತದೆ. ಒದ್ದೆ ಸೌಟು, ತೇವದ ಲೋಹ ಹತ್ತಿರ ಬರಕೂಡದು.

2. ಸೀಸ ನಿಧಾನ ವಿಷ. ಅದರ ಧೂಳು ಕೈಯಿಂದ ಬಾಯಿಗೆ ಸೇರುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ವಿಶೇಷವಾಗಿ ಹಾನಿಕರ. ಅಡಿಗೆಮನೆಯಲ್ಲಿ, ಅಡಿಗೆಯ ಪಾತ್ರೆಯಲ್ಲಿ ಎಂದೂ ಕರಗಿಸಬಾರದು. ಕೆಲಸ ಬಯಲಿನಲ್ಲಿ ನಡೆಯಲಿ. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಎಲೆಅಡಿಕೆಯನ್ನೂ ಬಾಯಿಗೆ ಹಾಕಬಾರದು.

3. ಹಳೆಯ ಬ್ಯಾಟರಿಯ ಫಲಕಗಳನ್ನು ಕರಗಿಸುವುದು ಇನ್ನೂ ಅಪಾಯಕರ. ಅವುಗಳಿಂದ ಪ್ರಾಣಾಂತಿಕ ಅನಿಲ ಹುಟ್ಟಬಹುದು.

ಕಣ್ಣಿಗೆ ಕಾಣದ ಗುಂಡು

ಈ ಕ್ರಮದಲ್ಲಿ ಅಡಗಿರುವ ದೊಡ್ಡ ಅಪಾಯವನ್ನು ಹೇಳದಿದ್ದರೆ ವಿವರಣೆ ಪೂರ್ತಿಯಾಗದು. ಸಾಮಾನ್ಯ ತೋಟಾ ಕೋವಿಯಲ್ಲಿ ತೋಟಾ ತೆಗೆದರೆ ಕೋವಿ ಖಾಲಿ. ಇಲ್ಲಿ ಹಾಗಲ್ಲ. ಕೊಳವೆ ತೆಗೆದರೂ ಗುಂಡು ನಳಿಗೆಯೊಳಗೇ ಕುಳಿತಿರುತ್ತದೆ, ಗೂಡು ಮಾತ್ರ ಖಾಲಿ ಕಾಣುತ್ತದೆ. ಅದನ್ನು ಮರೆತು ಇನ್ನೊಂದು ಗುಂಡು ಕೂರಿಸಿ ಹೊಡೆದರೆ ನಳಿಗೆ ಉಬ್ಬಬಹುದು, ಸೀಳಬಹುದು. ಮದ್ದು ತುಂಬದೆ ಬರೀ ಕೇಪು ಸಿಡಿದಾಗಲೂ ಗುಂಡು ಸ್ವಲ್ಪ ದೂರ ಸರಿದು ನಡುವೆ ಸಿಕ್ಕಿಕೊಳ್ಳಬಹುದು. ಆದುದರಿಂದ ಅನುಮಾನ ಬಂದಾಗಲೆಲ್ಲ, ಮದ್ದಿನ ಕೊಳವೆಯನ್ನು ಹೊರತೆಗೆದ ಮೇಲೆ, ಕಡ್ಡಿ ತೂರಿಸಿ ನಳಿಗೆ ಬರಿದಾಗಿದೆಯೆಂದು ಖಚಿತಪಡಿಸಿಕೊಳ್ಳುವುದು ಈ ಗುರಿಕಾರರ ನಿಯಮ.

ನಮ್ಮ ಕೇಪಿನ ಕೋವಿಯವರಿಗೂ ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೇಲೆ ಹೇಳಿದ ಹದಿನಾರರಲ್ಲೊಂದು ಅಂಗುಲದ ಎಡೆ ಆ ರೈಫಲಿಗೆ ಮಾತ್ರ ಸೇರಿದ್ದು. ತುದಿಯಿಂದ ಮದ್ದು ತುಂಬುವ ಕೋವಿಯಲ್ಲಿ ಗುಂಡು ಮದ್ದಿನ ಮೇಲೆ ಒತ್ತಿ ಕುಳಿತಿರಲೇಬೇಕು. ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಸಿಡಿಯುವ ಭಯವಿದೆ. ಎರಡನೆಯದಾಗಿ, ತೋಟಾ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದನ್ನು ಕರಿಮದ್ದಿನ ಕೋವಿಗೆ ಎಂದಿಗೂ ಹಾಕಬಾರದು. ನೋಡಲು ಎರಡೂ ಮದ್ದೇ ಆದರೂ ಅವುಗಳ ಒತ್ತಡಕ್ಕೆ ಅಜಗಜಾಂತರ. ಇದರಿಂದ ಕೈಯನ್ನೂ ಕಣ್ಣನ್ನೂ ಕಳೆದುಕೊಳ್ಳುವ ಸಂಭವವಿದೆ.

ನಮ್ಮಲ್ಲಿ ಇದನ್ನು ಮಾಡಿ ನೋಡಬಹುದೇ?

ಮಾಡಬಾರದು. 1959ರ ಆಯುಧ ಕಾಯಿದೆಯ ಪ್ರಕಾರ ಆಯುಧ ಹಾಗೂ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳಲು ಪಡೆದ ಪರವಾನಗಿಯನ್ನಾಗಲಿ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನಾಗಲಿ ತೋಟಾ ತಯಾರಿಸಲು ಕೊಟ್ಟ ಅಪ್ಪಣೆಯೆಂದು ಭಾವಿಸಕೂಡದು. ಈ ಲೇಖನದಲ್ಲಿ ಮದ್ದಿನ ಪ್ರಮಾಣಗಳನ್ನು ಬೇಕೆಂದೇ ಬಿಡಲಾಗಿದೆ.

ಆದರೆ ಇದೇ ತತ್ವವನ್ನು ನಮ್ಮ ಮಕ್ಕಳು ಕಾನೂನುಬದ್ಧವಾಗಿ ಕಲಿಯುವ ದಾರಿ ಒಂದಿದೆ. ಅದೇ 10 ಮೀಟರ್ ಏರ್ ರೈಫಲ್. ಇದೂ ಒಂಟಿ ಈಡಿನದೇ. 4.5 ಮಿಲಿಮೀಟರಿನ ಸೀಸದ ಪೆಲೆಟ್ಟನ್ನು ಒಂದೊಂದಾಗಿ ಕೈಯಿಂದಲೇ ನಳಿಗೆಯ ಹಿಂಬಾಯಿಗೆ ಇಡಬೇಕು. ಪೆಲೆಟ್ಟಿನ ಹಿಂಭಾಗ ತೆಳುವಾದ ಲಂಗದಂತಿದ್ದು, ಅದೇ ಗೀರಿಗೆ ಕಚ್ಚಿ ಗಾಳಿಯನ್ನು ತಡೆಯುತ್ತದೆ. ಆ ಲಂಗ ನೆಗ್ಗಿದರೆ ಪೆಲೆಟ್ಟು ಕೆಟ್ಟಂತೆಯೇ, ಡಾ. ಮಾನ್ ಹೇಳಿದ ಬುಡದ ಮಾತು ಇಲ್ಲಿಯೂ ಸತ್ಯ. ಗುರಿಯ ನಡುವಿನ ಹತ್ತರ ಚುಕ್ಕೆಯ ಅಡ್ಡಳತೆ ಅರ್ಧ ಮಿಲಿಮೀಟರ್ ಮಾತ್ರ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರು ಭಾರತಕ್ಕೆ ಒಲಿಂಪಿಕ್ಸಿನ ಮೊದಲ ವೈಯಕ್ತಿಕ ಚಿನ್ನವನ್ನು ತಂದುಕೊಟ್ಟದ್ದು ಇದೇ ಪಂದ್ಯದಲ್ಲಿ. ಗುರಿಯಲ್ಲಿ ಆಸಕ್ತಿಯಿರುವ ಮಕ್ಕಳನ್ನು ಅನುಮತಿ ಪಡೆದ ತರಬೇತಿ ಕೇಂದ್ರಗಳಿಗೆ ಕಳುಹಿಸುವುದು ಮನೆಯ ಕೋವಿಯಲ್ಲಿ ಪ್ರಯೋಗ ಮಾಡಲು ಬಿಡುವುದಕ್ಕಿಂತ ಎಷ್ಟೋ ಮೇಲು.

ಸೀಸದ ಗುಂಡನ್ನು ಕೈಯಾರೆ ಕೂರಿಸುವ ಈ ಕ್ರಮ ನಿಧಾನದ್ದು. ಗುಂಡಿನ ವೇಗವೂ ಕಡಿಮೆ. ಗಾಳಿ ಬೀಸಿದರೆ ಬೇಗ ಸರಿಯುತ್ತದೆ. ಆದರೂ ಇದನ್ನು ಬಿಡದೆ ಉಳಿಸಿಕೊಂಡವರ ಅನುಭವ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ. ಮದ್ದು ಹೆಚ್ಚಿಸುವುದರಿಂದ ಗುರಿ ಕೂಡಿಬರುವುದಿಲ್ಲ. ಒಳ್ಳೆಯ ಬುಡ, ನೆಟ್ಟಗಿನ ಕೂರಿಕೆ, ಪ್ರತಿಸಲವೂ ಒಂದೇ ರೀತಿ, ಈ ಮೂರರಿಂದಲೇ ಕೂಡಿಬರುತ್ತದೆ. ಮುಂದಿನ ಸಲ ತೆಂಗಿನಕಾಯಿ ತಪ್ಪಿದವರು "ಕೈ ಅಲುಗಲಿಲ್ಲ" ಎಂದರೆ ನಗುವುದಕ್ಕೆ ಮೊದಲು ಅವರ ಗುಂಡು ಹೇಗಿತ್ತು, ಹೇಗೆ ಕುಳಿತಿತ್ತು ಎಂದು ಕೇಳಿ ನೋಡುವುದು ನ್ಯಾಯ.